ಎಪ್ಸನ್ ಎಲ್8050: ಮನೆಯಲ್ಲಿ ಫೋಟೊ ಪ್ರಿಂಟ್ ಹೊಡೆದರೆ ಬಣ್ಣ ಸರಿ ಬರುತ್ತದೆಯೇ?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ಎಪ್ಸನ್ ಎಲ್8050 ಎಂದರೆ ಪಿವಿಸಿ ಕಾರ್ಡ್ ಹೊಡೆಯುವ ಮಿಷನ್ ಎಂದೇ ಲೆಕ್ಕ. ಕಾರ್ಡಿನ ಟ್ರೇ ಜೊತೆಗೇ ಬರುವುದರಿಂದ ಅಂಗಡಿಯವರಿಗೆ ಅದು ಅನುಕೂಲ, ನಿಜ. ಆದರೆ ಇದು ಮೂಲದಲ್ಲಿ ಆರು ಬಣ್ಣದ ಫೋಟೊ ಪ್ರಿಂಟರ್. ಪರದೆಯ ಮೇಲೆ ಕಂಡ ಬಣ್ಣವನ್ನು ಮನೆಯಲ್ಲೇ ಕಾಗದಕ್ಕೆ ಇಳಿಸುವ ಕೆಲಸದಲ್ಲಿ ಇದು ಎಷ್ಟು ದೂರ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ತೀರ್ಪು ಮೊದಲೇ ಹೇಳಿಬಿಡೋಣ: ಮಿಷನ್ನಿಗೆ ತಾಕತ್ತಿದೆ. ಆದರೆ ಇಂಕು, ಕಾಗದ, ಸೆಟ್ಟಿಂಗು ಈ ಮೂರನ್ನೂ ಒಮ್ಮೆ ಹೊಂದಿಸಿಕೊಂಡು ಮತ್ತೆ ಮತ್ತೆ ಬದಲಿಸದೆ ಇರುವವರಿಗೆ ಮಾತ್ರ ಅದು ದಕ್ಕುತ್ತದೆ.

ಎ4 ಅಳತೆಯವರೆಗೆ ಮುದ್ರಿಸುತ್ತದೆ. ಅಂಚಿಲ್ಲದ ಫೋಟೊ ಕೂಡ ಬರುತ್ತದೆ. ಸ್ಕ್ಯಾನರ್ ಇಲ್ಲ. 057 ಸರಣಿಯ ಇಂಕು, ಒಂದೊಂದು ಬಾಟಲಿ 70 ಎಂಎಲ್. ಬ್ಲ್ಯಾಕ್, ಸಯಾನ್, ಮಜೆಂಟಾ, ಯೆಲ್ಲೋ, ಇವುಗಳ ಜೊತೆಗೆ ಲೈಟ್ ಸಯಾನ್ ಮತ್ತು ಲೈಟ್ ಮಜೆಂಟಾ. ಆರೂ ಡೈ ಇಂಕುಗಳೇ, ಅಂದರೆ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುವಂಥವು. ಬೆಲೆ ಸುಮಾರು 25ರಿಂದ 30 ಸಾವಿರ ರೂಪಾಯಿ. ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸವಿದೆ.

ಆ ಎರಡು ತೆಳು ಬಣ್ಣಗಳಿಗಾಗಿಯೇ ಇದನ್ನು ಕೊಳ್ಳಬೇಕು. ನಾಲ್ಕು ಬಣ್ಣದ ಪ್ರಿಂಟರಿನಲ್ಲಿ ಕೆನ್ನೆ, ಹಣೆಯಂಥ ತಿಳಿ ಜಾಗ ಬಂದಾಗ ಗಾಢ ಮಜೆಂಟಾದ ಚುಕ್ಕೆಗಳನ್ನು ದೂರದೂರ ಚೆಲ್ಲಬೇಕಾಗುತ್ತದೆ. ಹತ್ತಿರದಿಂದ ನೋಡಿದರೆ ಮುಖ ಮರಳುಮರಳಾಗಿ ಕಾಣುತ್ತದೆ. ಇಲ್ಲಿ ಅದೇ ಜಾಗಕ್ಕೆ ತೆಳು ಇಂಕು ಒತ್ತಾಗಿ ಬೀಳುವುದರಿಂದ ಗೋಧಿ ಮೈಬಣ್ಣ, ಎಣ್ಣೆಗೆಂಪು ಮೈಬಣ್ಣ ಎರಡೂ ನುಣುಪಾಗಿ ಬರುತ್ತವೆ. ಮುಖದ ಫೋಟೊ ಹೆಚ್ಚು ಹೊಡೆಯುವವರ ಮನೆಯಲ್ಲಿ ತೆಳು ಇಂಕುಗಳೇ ಮೊದಲು ಖಾಲಿಯಾಗುತ್ತವೆ. ಅದು ದೋಷವಲ್ಲ, ಆ ಎರಡು ಬಾಟಲಿ ಮಾತ್ರ ಒಂದೊಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಬಣ್ಣದ ಪರೀಕ್ಷೆಗೆ ನಮ್ಮ ಸೀಮೆಯ ಚಿತ್ರಗಳಿಗಿಂತ ಕಠಿಣವಾದವು ಬೇಡ. ಶಿಡ್ಲಘಟ್ಟದ ಬಿಳಿ ರೇಷ್ಮೆಗೂಡಿನ ಬುಟ್ಟಿಯ ಫೋಟೊ ತೆಗೆದುಕೊಳ್ಳಿ: ಬಿಳಿಯ ಮೇಲೆ ಬಿಳಿ, ನಡುವೆ ತೆಳು ನೆರಳು. ಪ್ರಿಂಟರು ಚೂರು ಕೆಂಪಿಗೋ ಹಸಿರಿಗೋ ವಾಲಿದ್ದರೂ ಮೊದಲು ಗೊತ್ತಾಗುವುದು ಅಲ್ಲೇ. ನಂದಿಬೆಟ್ಟದ ಬೆಳಗಿನ ಮಂಜೂ ಹಾಗೆಯೇ. ಕೋಲಾರ ಮಂಡಿಯ ಟೊಮೆಟೊ ಕ್ರೇಟು ಸುಲಭದ ಚಿತ್ರ, ಎಲ್8050 ಅದನ್ನು ಚೆನ್ನಾಗಿಯೇ ಕೊಡುತ್ತದೆ. ಕಷ್ಟ ಇರುವುದು ಚೆಂಡುಹೂವಿನಲ್ಲಿ ಮತ್ತು ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ. ಚೆಂಡುಹೂವಿನ ಕಿತ್ತಳೆಯಲ್ಲಿ ಕ್ಯಾಮೆರಾದ ಕೆಂಪು ಚಾನೆಲ್ಲೇ ಗರಿಷ್ಠ ಅಂಕಿಯಾದ 255 ಮುಟ್ಟಿ ನಿಂತಿರುತ್ತದೆ; ಎಸಳಿನ ಗೆರೆ ಫೈಲಿನಲ್ಲೇ ಇಲ್ಲದಿದ್ದರೆ ಯಾವ ಪ್ರಿಂಟರೂ ಅದನ್ನು ಹುಟ್ಟಿಸಲಾರದು. ಮದುವೆ ಫೋಟೊದ ಕುಂಕುಮ, ಕೆಂಪು ರೇಷ್ಮೆ ಸೀರೆಯ ಕಥೆಯೂ ಇದೇ. ಎಡಿಟ್ ಮಾಡುವಾಗ ಹಿಸ್ಟೋಗ್ರಾಮ್‌ನಲ್ಲಿ (ಕಡುವಿನಿಂದ ತಿಳಿಯವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆ) ಕೆಂಪನ್ನು ಬೇರೆಯಾಗಿ ನೋಡಿ, ಅದು ಬಲಗೋಡೆಗೆ ಅಂಟಿದ್ದರೆ ಆ ಬಣ್ಣದ ಸ್ಯಾಚುರೇಷನ್, ಅಂದರೆ ಗಾಢತೆ, ಇಳಿಸಿ. ದ್ರಾಕ್ಷಿಯದು ಬೇರೆ ತೊಂದರೆ. ಆ ನೀಲಿ-ನೇರಳೆ ಪರದೆಯಲ್ಲಿ ಬೆಳಕಿನಿಂದ ಹುಟ್ಟುತ್ತದೆ, ಕಾಗದದ ಮೇಲೆ ಸಯಾನ್ ಮತ್ತು ಮಜೆಂಟಾ ಬೆರೆತು ಹುಟ್ಟಬೇಕು. ಗಾಢ ನೀಲಿ ಈ ಇಂಕುಗಳ ವ್ಯಾಪ್ತಿಯ ಆಚೆ ಬಿದ್ದಾಗ ನೇರಳೆಗೆ ಜಾರುತ್ತದೆ. ಫೋಟೊಶಾಪ್‌ನ ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ಈ ಪ್ರಿಂಟರಿನ ಪ್ರೊಫೈಲ್ (ಯಾವ ಅಂಕಿಗೆ ಯಾವ ಬಣ್ಣ ಎಂದು ಹೇಳುವ ಫೈಲು) ಕೊಟ್ಟು, ಅದೇ ಮೆನುವಿನ ಗ್ಯಾಮಟ್ ವಾರ್ನಿಂಗ್ ಆನ್ ಮಾಡಿದರೆ ಯಾವ ಜಾಗ ಹೀಗೆ ಆಚೆ ಬಿದ್ದಿದೆ ಎಂದು ಬೂದು ಬಣ್ಣದಲ್ಲಿ ತೋರಿಸುತ್ತದೆ.

ಇಷ್ಟಾದರೂ ಹೆಚ್ಚಿನವರ ದೂರು ದ್ರಾಕ್ಷಿಯದಲ್ಲ. "ಪ್ರಿಂಟು ಕಪ್ಪಾಗಿ ಬರುತ್ತದೆ" ಎಂಬುದು. ಅದರಲ್ಲಿ ಪ್ರಿಂಟರಿನ ಪಾತ್ರ ಬಹಳ ಕಡಿಮೆ. ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬೆಳಕಿಗೆ ಏರಿಸಿದರೆ ಅದು 250ರಿಂದ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಚೆಲ್ಲುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಪರದೆಯನ್ನು 80ರಿಂದ 120 ನಿಟ್ಸ್ ನಡುವೆ ಇಡಬೇಕು. ಅಳೆಯುವ ಸಾಧನ ಇಲ್ಲದಿದ್ದರೆ ಪರದೆಯ ತುಂಬ ಬಿಳಿ ಪುಟ ತೆರೆದು, ಪಕ್ಕದಲ್ಲಿ ಫೋಟೊ ಕಾಗದವನ್ನೇ ಹಿಡಿದು, ಎರಡರ ಬಿಳುಪು ಒಂದೇ ಮಟ್ಟಕ್ಕೆ ಬರುವವರೆಗೆ ಬ್ರೈಟ್‌ನೆಸ್ ಇಳಿಸಿ. ಬಣ್ಣದ ಉಷ್ಣಾಂಶ (ಬಿಳುಪು ಹಳದಿಗೋ ನೀಲಿಗೋ ವಾಲುವುದರ ಅಳತೆ) 6500 ಕೆಲ್ವಿನ್‌ಗೆ, ಗಾಮಾ (ನಡುಛಾಯೆಗಳ ತಿಳಿ-ಕಡು ಮಟ್ಟ) 2.2ಕ್ಕೆ ಇರಲಿ. ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಆಫ್. ಇನ್ನೊಂದು ಮಾತು: 45 ಪರ್ಸೆಂಟ್ ಎನ್‌ಟಿಎಸ್‌ಸಿ (ಪರದೆ ತೋರಿಸುವ ಬಣ್ಣಗಳ ವ್ಯಾಪ್ತಿಯ ಒಂದು ಅಳತೆ) ಎಂದು ಬರೆದಿರುವ ಅಗ್ಗದ ಲ್ಯಾಪ್‌ಟಾಪ್ ಪರದೆ ಎಸ್‌ಆರ್‌ಜಿಬಿ (ಪರದೆ, ಚಿತ್ರಗಳ ಮಾಮೂಲಿ ಬಣ್ಣವಲಯ) ಬಣ್ಣಗಳನ್ನೇ ಪೂರ್ತಿ ತೋರಿಸುವುದಿಲ್ಲ. ಅದರಲ್ಲಿ ಪೇಲವ ಕಂಡಿತೆಂದು ಸ್ಯಾಚುರೇಷನ್ ಏರಿಸಿದವರ ಪ್ರಿಂಟಿನಲ್ಲಿ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅಂಥ ಲ್ಯಾಪ್‌ಟಾಪಿಗೆ ಹೊರಗಿನಿಂದ ಎಸ್‌ಆರ್‌ಜಿಬಿ ಪೂರ್ತಿ ತೋರಿಸುವ ಒಂದು ಐಪಿಎಸ್ ಮಾನಿಟರ್ ಜೋಡಿಸುವುದು ಪ್ರಿಂಟರ್ ಬದಲಿಸುವುದಕ್ಕಿಂತ ಲೇಸು.

ಮೊಬೈಲಿನಲ್ಲಿ ನೋಡಿ ಹೋಲಿಸುವವರು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ವಿವಿಡ್ ಬಿಟ್ಟು ನ್ಯಾಚುರಲ್ ಇಟ್ಟುಕೊಳ್ಳಿ. ಐಫೋನ್ ಚಿತ್ರಗಳು ಡಿಸ್‌ಪ್ಲೇ ಪಿ3 ಬಣ್ಣವಲಯದಲ್ಲಿರುತ್ತವೆ. ಕೆಲವು ಆ್ಯಪ್‌ಗಳು ಅದನ್ನು ಗಮನಿಸದೆ ಎಸ್‌ಆರ್‌ಜಿಬಿ ಎಂದೇ ಭಾವಿಸಿ ಕಳಿಸುತ್ತವೆ, ಬಣ್ಣ ಸಪ್ಪೆಯಾಗುತ್ತದೆ. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಇಟ್ಟವರಿಗೂ ಇದೇ ಗತಿ. ಮುದ್ರಣಕ್ಕೆ ಮುಂಚೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲನ್ನು ಫೈಲಿನೊಳಗೇ ಎಂಬೆಡ್ ಮಾಡಿ ಸೇವ್ ಮಾಡಿ. ಅಸೈನ್ ಪ್ರೊಫೈಲ್ ಅಲ್ಲ, ಕನ್ವರ್ಟ್ ಟು ಪ್ರೊಫೈಲ್. ಅಸೈನ್ ಮಾಡಿದರೆ ಅಂಕಿಗಳು ಹಾಗೇ ಉಳಿದು ಅರ್ಥ ಮಾತ್ರ ಬದಲಾಗುತ್ತದೆ.

ಈಗ ಎಲ್ಲಕ್ಕಿಂತ ಹೆಚ್ಚು ಕಾಗದ ಹಾಳುಮಾಡಿಸುವ ಜಾಗ: ಡ್ರೈವರ್, ಅಂದರೆ ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ಪ್ರೋಗ್ರಾಮು. ಬಣ್ಣದ ಲೆಕ್ಕವನ್ನು ಇಬ್ಬರಲ್ಲಿ ಒಬ್ಬರು ಮಾತ್ರ ಮಾಡಬೇಕು, ಒಂದೋ ಫೋಟೊಶಾಪ್‌ನಂಥ ಸಾಫ್ಟ್‌ವೇರ್, ಇಲ್ಲವೇ ಪ್ರಿಂಟರ್ ಡ್ರೈವರ್. ಇಬ್ಬರೂ ಮಾಡಿದರೆ ತಿದ್ದಿದ್ದನ್ನೇ ಮತ್ತೆ ತಿದ್ದಿದಂತಾಗಿ ಇಡೀ ಚಿತ್ರ ಕೆಂಪು-ಗುಲಾಬಿಗೆ ಹೊರಳುತ್ತದೆ, ನೆರಳು ಕಟ್ಟಿಕೊಳ್ಳುತ್ತದೆ. ಇಬ್ಬರೂ ಮಾಡದಿದ್ದರೂ ಬಣ್ಣ ದಿಕ್ಕುತಪ್ಪುತ್ತದೆ.

ಮೊದಲ ದಾರಿ ಸುಲಭ. ಎಪ್ಸನ್ ಇಂಕು, ಎಪ್ಸನ್ ಕಾಗದ, ಫೋಟೊಶಾಪ್‌ನ ಪ್ರಿಂಟ್ ಕಿಟಕಿಯಲ್ಲಿ ಪ್ರಿಂಟರ್ ಮ್ಯಾನೇಜಸ್ ಕಲರ್ಸ್, ಡ್ರೈವರಿನಲ್ಲಿ ಕಾಗದದ ಹೆಸರು ಸರಿಯಾಗಿ, ಕ್ವಾಲಿಟಿ ಹೈ, ಕಲರ್ ಕರೆಕ್ಷನ್ ಆಟೊಮ್ಯಾಟಿಕ್. ಕಂಪನಿಯ ಕಾಗದಕ್ಕೆಂದೇ ಡ್ರೈವರಿನ ಲೆಕ್ಕ ಹೊಂದಿಸಿರುವುದರಿಂದ ಹುಟ್ಟುಹಬ್ಬ, ಮದುವೆ, ಪ್ರವಾಸದ ಚಿತ್ರಗಳಿಗೆ ಇಷ್ಟೇ ಸಾಕು. ಮನೆಮಂದಿಯಲ್ಲಿ ಹತ್ತರಲ್ಲಿ ಎಂಟು ಜನ ಇಲ್ಲಿಗೇ ನಿಲ್ಲಿಸಬಹುದು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ದಾರಿ ಬೇರೆ ಕಾಗದ ಬಳಸುವವರಿಗೆ, ಮಾರಾಟಕ್ಕೆ ಪ್ರಿಂಟ್ ಮಾಡುವವರಿಗೆ. ಆ ಕಾಗದಕ್ಕೆ, ಈ ಮಿಷನ್ನಿಗೆ ಮಾಡಿದ ಐಸಿಸಿ ಪ್ರೊಫೈಲ್, ಅಂದರೆ ಇಲ್ಲಿ ಯಾವ ಬಣ್ಣ ಹೇಗೆ ಬೀಳುತ್ತದೆ ಎಂದು ಅಳೆದು ಬರೆದ ಫೈಲು, ಬೇಕು. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಪ್ರೊಫೈಲ್ ಒತ್ತಿ, ಫೋಟೊಶಾಪ್ ಮುಚ್ಚಿ ತೆರೆಯಿರಿ. ಪ್ರಿಂಟ್ ಕಿಟಕಿಯಲ್ಲಿ ಫೋಟೊಶಾಪ್ ಮ್ಯಾನೇಜಸ್ ಕಲರ್ಸ್ ಆಯ್ದು ಆ ಪ್ರೊಫೈಲ್ ಹೆಸರು ಕೊಡಿ. ಆಮೇಲೆ ಡ್ರೈವರಿನ ಮೋರ್ ಆಪ್ಷನ್ಸ್ ಟ್ಯಾಬಿಗೆ ಹೋಗಿ ಕಲರ್ ಕರೆಕ್ಷನ್‌ನಲ್ಲಿ ಕಸ್ಟಮ್, ಅದರೊಳಗೆ ಅಡ್ವಾನ್ಸ್ಡ್, ಅಲ್ಲಿ ನೋ ಕಲರ್ ಅಡ್ಜಸ್ಟ್‌ಮೆಂಟ್. ಈ ಕೊನೆಯ ಹೆಜ್ಜೆ ಮರೆತರೆ ಮೇಲೆ ಹೇಳಿದ ಗುಲಾಬಿ ಮುಖ ಖಚಿತ. ಎಲ್ಲ ಸರಿಹೋದ ಮೇಲೆ ಆ ಸೆಟ್ಟಿಂಗನ್ನು ಪ್ರೀಸೆಟ್ ಆಗಿ ಕಾಗದದ ಹೆಸರಿನಲ್ಲೇ ಉಳಿಸಿಡಿ. ಅದೇ ಮಿಷನ್ನಿನಲ್ಲಿ ಕಾರ್ಡನ್ನೂ ಹೊಡೆಯುವವರಿಗಂತೂ ಇದು ಕಡ್ಡಾಯ. ಕಾರ್ಡಿನ ಸೆಟ್ಟಿಂಗು ಫೋಟೊಗೆ ಉಳಿದುಬಿಟ್ಟರೆ ಒಂದು ಹಾಳೆ ಹೋಯಿತು.

ಕಾಗದದ ಮೇಲೆ ಬಾರದ ಬಣ್ಣವನ್ನು ಏನು ಮಾಡಬೇಕೆಂದು ಹೇಳುವ ರೆಂಡರಿಂಗ್ ಇಂಟೆಂಟ್ ಎಂಬ ಆಯ್ಕೆಯೂ ಫೋಟೊಶಾಪ್‌ನ ಪ್ರಿಂಟ್ ಕಿಟಕಿಯಲ್ಲೇ ಇದೆ. ಮುಖ, ಗೂಡು, ಮಂಜಿನಂಥ ಚಿತ್ರಕ್ಕೆ ರಿಲೇಟಿವ್ ಕಲರಿಮೆಟ್ರಿಕ್ ಇಟ್ಟು ಬ್ಲ್ಯಾಕ್ ಪಾಯಿಂಟ್ ಕಾಂಪನ್ಸೇಷನ್ ಗುರುತು ಹಾಕಿ: ವ್ಯಾಪ್ತಿಯೊಳಗಿನ ಬಣ್ಣ ಇದ್ದಂತೆ ಉಳಿಯುತ್ತದೆ, ಆಚೆಯದು ಮಾತ್ರ ಹತ್ತಿರದ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಚೆಂಡುಹೂವಿನ ತೋಟ, ಜರಿ ಸೀರೆಯಲ್ಲಿ ಹಾಗೆ ಬಂದು ನಿಂತ ಬಣ್ಣಗಳೆಲ್ಲ ಒಂದೇ ಆಗಿ ಎಸಳು ಮುದ್ದೆಯಾಗುತ್ತದೆ. ಅಲ್ಲಿ ಪರ್ಸೆಪ್ಚುಯಲ್ ಲೇಸು. ಒಟ್ಟು ಚಿತ್ರ ತುಸು ಸಪ್ಪೆಯಾದರೂ ಗೆರೆಗೆರೆ ಬಿಡಿಯಾಗಿ ಉಳಿಯುತ್ತದೆ.

ಕಾಗದದ ವಿಚಾರಕ್ಕೆ ಬಂದರೆ, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಾಗಲಿ ತುಮಕೂರು, ಕೋಲಾರ ಪೇಟೆಯಲ್ಲಾಗಲಿ ಸುಲಭವಾಗಿ ಸಿಗುವುದು 180 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ಲೆಕ್ಕದ ಕಾಗದದ ತೂಕ) ಹೈ ಗ್ಲಾಸಿ. ಅದು ಕಾಸ್ಟ್ ಕೋಟೆಡ್ ಕಾಗದ: ಮುಂದೆ ಹೊಳಪು, ಹಿಂದೆ ಮಾಮೂಲಿ ಹಾಳೆಯಂತೆ. ಬಣ್ಣ ಮೊದಲ ನೋಟಕ್ಕೆ ಚೆಂದ. ಆದರೆ ಇಂಕು ಹೆಚ್ಚು ಬಿದ್ದ ಕಡೆ ಹಾಳೆ ಸುರುಳುತ್ತದೆ, ಕಪ್ಪು ಆಳವಾಗಿ ಬರುವುದಿಲ್ಲ. 260, 270 ಜಿಎಸ್‌ಎಂನ ಆರ್‌ಸಿ ಕಾಗದದ ಎರಡೂ ಬದಿಗೆ ಪಾಲಿಥಿನ್ ಪದರವಿದೆ. ಸ್ಟುಡಿಯೊ ಫೋಟೊದಂತೆ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಬಣ್ಣದ ನಿಖರತೆ ಬೇಕಿದ್ದರೆ ಇದಕ್ಕೇ ಹೋಗಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನಲ್ಲೋ ಒಂದೇ ಬ್ಯಾಚಿನ ಮೂರು ನಾಲ್ಕು ಪ್ಯಾಕು ಒಟ್ಟಿಗೆ ತರಿಸಿ, ಏಕೆಂದರೆ ಹೆಸರಿಲ್ಲದ ಬ್ರ್ಯಾಂಡುಗಳಲ್ಲಿ ಬ್ಯಾಚ್ ಬದಲಾದರೆ ಬಿಳುಪೂ ಬದಲಾಗುತ್ತದೆ. ಕೆಲವು ಕಾಗದಗಳು ನೀಲಿ ಹೊಡೆಯುವಷ್ಟು ಬಿಳುಪಾಗಿ ಕಾಣುವುದು ಆಪ್ಟಿಕಲ್ ಬ್ರೈಟ್‌ನರ್ ಎಂಬ ಬಿಳುಪುಕಾರಕದಿಂದ. ಹಗಲಲ್ಲಿ ಅದು ಹೊಳೆಯುತ್ತದೆ, ಹಳದಿ ಬಲ್ಬಿನಡಿ ಮಂಕಾಗುತ್ತದೆ.

ಜಿಎಸ್‌ಎಂಗಿಂತ ಮುಖ್ಯವಾದದ್ದು ಡ್ರೈವರಿನಲ್ಲಿ ಕೊಡುವ ಕಾಗದದ ಹೆಸರು. ಎಷ್ಟು ಇಂಕು ಚೆಲ್ಲಬೇಕೆಂದು ಮಿಷನ್ ತಿಳಿದುಕೊಳ್ಳುವುದು ಅದರಿಂದಲೇ. ಗ್ಲಾಸಿ ಹಾಳೆ ಇಟ್ಟು ಪ್ಲೇನ್ ಪೇಪರ್ ಎಂದರೆ ಚಿತ್ರ ಪೇಲವ, ಮರಳುಮರಳು. ಅಗ್ಗದ 180 ಜಿಎಸ್‌ಎಂ ಇಟ್ಟು ಪ್ರೀಮಿಯಂ ಗ್ಲಾಸಿ ಎಂದರೆ ಇಂಕು ಹೀರದೆ ಮೇಲೇ ನಿಂತು, ಕೂದಲು, ಕಪ್ಪು ಕೋಟಿನ ವಿವರ ಮುಚ್ಚಿಹೋಗಿ, ರೋಲರಿನ ಗುರುತು ಬೀಳುತ್ತದೆ. ಅಂಥ ಕಾಗದಕ್ಕೆ ಒಂದು ಹೆಜ್ಜೆ ಕೆಳಗಿನ ಫೋಟೊ ಪೇಪರ್ ಗ್ಲಾಸಿ ಕೊಟ್ಟು ನೋಡಿ. ಪ್ರೊಫೈಲ್ ಬಳಸುವವರು ಅದನ್ನು ಮಾಡುವಾಗ ಯಾವ ಹೆಸರು, ಯಾವ ಕ್ವಾಲಿಟಿ ಕೊಟ್ಟಿದ್ದರೋ ಅದನ್ನೇ ಸದಾ ಕೊಡಬೇಕು.

ಚಿಕ್ಕಬಳ್ಳಾಪುರದಲ್ಲಿ ಈ ಮಿಷನ್ನಿಗೆ ಶತ್ರುಗಳು ಎರಡು: ಧೂಳು ಮತ್ತು ಫೆಬ್ರವರಿಯಿಂದ ಮೇವರೆಗಿನ ಒಣಹವೆ. ಹಿಂದಿನ ಟ್ರೇಯಲ್ಲಿ ಕಾಗದ ಬಿಟ್ಟರೆ ಧೂಳು ಕೂತು, ಮುದ್ರಣವಾದ ಮೇಲೆ ಆ ಕಣ ಉದುರಿ ಬಿಳಿ ಚುಕ್ಕೆ ಉಳಿಯುತ್ತದೆ. ಹೊಡೆಯುವಾಗಷ್ಟೇ ಕಾಗದ ಇಡಿ, ಉಳಿದ ಹೊತ್ತು ಮಿಷನ್ನಿಗೆ ಬಟ್ಟೆ ಮುಚ್ಚಿ, ಕಾಗದವನ್ನು ಜಿಪ್ ಕವರಿನಲ್ಲಿ ಮಟ್ಟಸವಾಗಿ ಮಲಗಿಸಿಡಿ. ಅಂಚು ಮೇಲಕ್ಕೆದ್ದ ಹಾಳೆ ಇಂಕು ಚಿಮ್ಮುವ ಹೆಡ್ಡಿಗೆ ಉಜ್ಜಿ ಮಸಿ ಬಳಿದುಕೊಳ್ಳುತ್ತದೆ. ಒಣಹವೆಗೆ ಮದ್ದು, ವಾರಕ್ಕೊಮ್ಮೆ ಆರೂ ಬಣ್ಣ ಬರುವ ಒಂದು ಸಣ್ಣ ಚಿತ್ರ ಹೊಡೆಯುವುದು. ಮಿಷನ್ನನ್ನು ಅದರ ಗುಂಡಿಯಿಂದಲೇ ಆಫ್ ಮಾಡಿ, ಗೋಡೆಯ ಸ್ವಿಚ್ಚಿನಿಂದಲ್ಲ. ಗುಂಡಿ ಒತ್ತಿದಾಗ ಹೆಡ್ಡು ತಪ್ಪದೆ ತನ್ನ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಮುದ್ರಣದ ನಡುವೆ ಬೆಸ್ಕಾಂ ಕರೆಂಟು ಹೋದರೆ ಹೆಡ್ಡು ಬಯಲಲ್ಲೇ ನಿಂತು ಒಣಗುತ್ತದೆ. ಕರೆಂಟು ಬಂದ ಕೂಡಲೇ ಆನ್ ಮಾಡಿ ಜಾಗಕ್ಕೆ ಹೋಗಲು ಬಿಡಿ. ಇಂಕ್‌ಜೆಟ್ ಎಳೆಯುವ ಕರೆಂಟು ಕಡಿಮೆ, ಕಂಪ್ಯೂಟರಿನ ಚಿಕ್ಕ ಯುಪಿಎಸ್ ಸಾಕು.

ಬಣ್ಣ ಕೆಟ್ಟಿತು ಅನಿಸಿದರೆ ಸೆಟ್ಟಿಂಗ್ ಮುಟ್ಟುವ ಮುಂಚೆ ನಾಜಲ್ ಚೆಕ್ ಹೊಡೆಯಿರಿ: ಹೆಡ್ಡಿನ ತೂತು ಕಟ್ಟಿದೆಯೇ ಎಂದು ತೋರಿಸುವ ಗೆರೆಗಳ ಹಾಳೆ ಅದು. ತೆಳು ಬಣ್ಣದ ಗೆರೆ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಜೊತೆಗೆ ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲುಮೆಟ್ಟಿಲಾದ ಬೂದು ಪಟ್ಟಿಯೊಂದನ್ನು ಹೊಡೆದರೆ ರೋಗ ತಾನೇ ಹೇಳಿಕೊಳ್ಳುತ್ತದೆ. ಪಟ್ಟಿಯ ತಿಳಿ ಮೆಟ್ಟಿಲುಗಳು ಮಾತ್ರ ಕೆಂಪಗಾಗಿ, ಕಡುಭಾಗ ಸರಿಯಿದ್ದರೆ ಲೈಟ್ ಸಯಾನ್ ಕಟ್ಟಿದೆ. ತಿಳಿಭಾಗ ಹಸಿರಾಗಿದ್ದರೆ ಲೈಟ್ ಮಜೆಂಟಾ. ಉದ್ದಕ್ಕೂ ನೀಲಿಗೆ ವಾಲಿದ್ದರೆ ಯೆಲ್ಲೋ. ನಾಜಲ್ ಎಲ್ಲ ಸರಿಯಿದ್ದು ಪಟ್ಟಿ ಪೂರ್ತಿ ಗುಲಾಬಿಯಾಗಿದ್ದರೆ ಅದು ಎರಡು ಸಲ ಆದ ಬಣ್ಣದ ಲೆಕ್ಕ. ಬಣ್ಣ ಸರಿಯಿದ್ದು ಅಡ್ಡಗೆರೆ ಬಿದ್ದಿದ್ದರೆ ಹೆಡ್ ಅಲೈನ್‌ಮೆಂಟ್ ಮಾಡಿ, ಹೆಡ್ಡು ಹೋಗುವಾಗಲೂ ಬರುವಾಗಲೂ ಮಾಡುವ ಬೈಡೈರೆಕ್ಷನಲ್ ಮುದ್ರಣ ಆಫ್ ಮಾಡಿ.

ಹೆಡ್ ಕ್ಲೀನಿಂಗ್ ಒಂದರ ಹಿಂದೆ ಒಂದು ಒತ್ತುತ್ತಲೇ ಹೋಗುವುದು ಇಂಕಿಗೂ, ಚೆಲ್ಲಿದ ಇಂಕನ್ನು ಹೀರುವ ವೇಸ್ಟ್ ಪ್ಯಾಡಿಗೂ ನಷ್ಟ. ಒಂದು ಕ್ಲೀನಿಂಗ್, ಒಂದು ನಾಜಲ್ ಚೆಕ್, ಹೀಗೆ ಮೂರು ಸುತ್ತು. ಆಗಲೂ ಗೆರೆ ಕೂಡದಿದ್ದರೆ ಆಫ್ ಮಾಡಿ 12 ಗಂಟೆ ಬಿಡಿ; ಒಣಗಿದ ಇಂಕು ನೆನೆದು, ಗಾಳಿಗುಳ್ಳೆ ಮೇಲೇರಿ, ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಕೊಳವೆಗಳ ಇಂಕನ್ನೆಲ್ಲ ಹರಿಸಿ ತೊಳೆಯುವ ಪವರ್ ಕ್ಲೀನಿಂಗ್ ಕೊನೆಯ ಅಸ್ತ್ರ. ಟ್ಯಾಂಕುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಂಕಿದ್ದಾಗ ಅದನ್ನು ಮಾಡಬೇಡಿ.

ಬೇರೆ ಕಂಪನಿಗಳ ಅಗ್ಗದ ಕಂಪ್ಯಾಟಿಬಲ್ ಇಂಕಿನ ಬಗ್ಗೆ ನಮ್ಮ ನಿಲುವು ಸ್ಪಷ್ಟ: ಬಣ್ಣ ಮುಖ್ಯವಾದವರಿಗೆ ಬೇಡ. ಬಾಟಲಿಯ ಮೇಲೆ ಸಯಾನ್ ಎಂದಿದ್ದರೂ ಒಳಗಿನ ಛಾಯೆ, ಸಾಂದ್ರತೆ ಬೇರೆ. ಡ್ರೈವರಿನ ಲೆಕ್ಕವೂ ಐಸಿಸಿ ಪ್ರೊಫೈಲೂ ಅಲ್ಲಿಗೆ ಸುಳ್ಳಾಗುತ್ತವೆ. ಟ್ಯಾಂಕಿನಲ್ಲಿ ಹಳೆಯದು ಅರ್ಧ ಇದ್ದು ಹೊಸದನ್ನು ಬೆರೆಸಿದರೆ ಬಣ್ಣ ದಿನದಿನಕ್ಕೆ ಜಾರುತ್ತ ಹೋಗುತ್ತದೆ, ಯಾವ ತಿದ್ದುಪಡಿಯೂ ನಿಲ್ಲುವುದಿಲ್ಲ.

ಪ್ರೊಫೈಲ್ ಮಾಡಿಸಲು ಅಳೆಯುವ ಸಾಧನ ಬೇಕು. ಇಲ್ಲೊಂದು ಗೊಂದಲ ಸಾಮಾನ್ಯ. ಸ್ಪೈಡರ್, ಕ್ಯಾಲಿಬ್ರೈಟ್ ಡಿಸ್‌ಪ್ಲೇಯಂಥ ಕಲರಿಮೀಟರುಗಳು ಪರದೆಯನ್ನು ಮಾತ್ರ ಅಳೆಯುತ್ತವೆ, ಪ್ರಿಂಟನ್ನಲ್ಲ. ಕಾಗದದ ಬಣ್ಣ ಅಳೆಯಲು ಕ್ಯಾಲಿಬ್ರೈಟ್ ಕಲರ್‌ಚೆಕರ್ ಸ್ಟುಡಿಯೊದಂಥ ಸ್ಪೆಕ್ಟ್ರೊಫೋಟೊಮೀಟರ್ ಬೇಕು, ಅದು ದುಬಾರಿ. ಒಂದೆರಡು ಕಾಗದಕ್ಕಾಗಿ ಕೊಳ್ಳುವುದು ವ್ಯರ್ಥ. ಬಣ್ಣದ ಚೌಕಗಳ ಚಾರ್ಟನ್ನು ಮುದ್ರಿಸಿ ಕಳಿಸಿದರೆ ಅಳೆದು ಪ್ರೊಫೈಲ್ ಫೈಲ್ ಮಾಡಿಕೊಡುವವರಿದ್ದಾರೆ. ಆ ಚಾರ್ಟನ್ನು ಹೊಡೆಯುವಾಗ ಎಲ್ಲ ಬಣ್ಣದ ತಿದ್ದುಪಡಿ ಆಫ್ ಇರಬೇಕು. ಅಡೋಬಿ ಕಲರ್ ಪ್ರಿಂಟರ್ ಯುಟಿಲಿಟಿ ಎಂಬ ಚಿಕ್ಕ ಸಾಫ್ಟ್‌ವೇರ್ ಇರುವುದು ಇದಕ್ಕಾಗಿಯೇ. ಒಂದು ದಿನ ಪೂರ್ತಿ ಒಣಗಿಸಿ, ಮಡಿಸದೆ ರಟ್ಟಿನ ನಡುವೆ ಇಟ್ಟು ಕಳಿಸಿ. ಪರದೆಯ ಕಲರಿಮೀಟರಾದರೆ ನಾಲ್ಕೈದು ಮಂದಿ ಫೋಟೊಗ್ರಾಫರುಗಳು ಸೇರಿ ಒಂದು ಕೊಂಡರೂ ನಡೆಯುತ್ತದೆ, ತಿಂಗಳಿಗೊಮ್ಮೆ ಬಳಸಿದರೆ ಸಾಕು.

ಪ್ರೊಫೈಲ್ ಬೇಡ ಎನ್ನುವವರು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿಕೊಂಡು, ಅಳತೆಯನ್ನು ಎ6 ಎಂದು ಕೊಟ್ಟು, ಪ್ರಿಂಟರ್ ಮ್ಯಾನೇಜಸ್ ಕಲರ್ಸ್ ಇಟ್ಟು, ಡ್ರೈವರಿನ ಕಲರ್ ಕಂಟ್ರೋಲ್ಸ್‌ನಲ್ಲಿ ಸಯಾನ್, ಮಜೆಂಟಾ, ಯೆಲ್ಲೋ ಸ್ಲೈಡರನ್ನು ಸ್ವಲ್ಪ ಸ್ವಲ್ಪವೇ ಸರಿಸಿ ನೋಡಬಹುದು. ಒಂದು ಸಲಕ್ಕೆ ಒಂದೇ ಸ್ಲೈಡರ್, ಅಂಕಿಯನ್ನು ಹಿಂಬದಿ ಮಾರ್ಕರಿನಲ್ಲಿ ಬರೆಯಿರಿ. ಚಿತ್ರ ಹೊರಬಂದ ಕ್ಷಣವೇ ತೀರ್ಮಾನಿಸಬೇಡಿ, ಡೈ ಇಂಕು ಒಣಗುತ್ತ ಬಣ್ಣ ಬದಲಿಸುತ್ತದೆ. ಅರ್ಧ ಗಂಟೆಯಾದರೂ ಬಿಡಿ. ನೋಡುವ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಪ್ರಿಂಟು ಪರೀಕ್ಷಿಸುವ ಐಎಸ್‌ಒ 3664 ಮಾನದಂಡ ಹೇಳುವುದು 5000 ಕೆಲ್ವಿನ್ ಬೆಳಕನ್ನು. ನಮ್ಮ ಮನೆಗಳ ಬಿಳಿ ಎಲ್‌ಇಡಿ ಬಲ್ಬು 6500 ಕೆಲ್ವಿನ್, ಅದರಲ್ಲಿ ಕೆಂಪಿನ ಅಂಶ ಕಡಿಮೆ. ರಾತ್ರಿ ಬಲ್ಬಿನಡಿ ಹಸಿರಾಗಿ ಕಂಡ ಮುಖ ಬೆಳಗ್ಗೆ ಸರಿಯಾಗಿಯೇ ಕಂಡರೆ ತಪ್ಪು ಬಲ್ಬಿನದು. ನೇರ ಬಿಸಿಲು ಬೀಳದ ಕಿಟಕಿಯ ಬಳಿ ನಡುಹಗಲಲ್ಲಿ ನೋಡಿ, ಇಲ್ಲವೇ ಸಿಆರ್‌ಐ (ಬಣ್ಣವನ್ನು ಸರಿಯಾಗಿ ತೋರಿಸುವ ಗುಣದ ಅಂಕಿ) 90ಕ್ಕೆ ಮೇಲಿರುವ ಬಲ್ಬು ಹಾಕಿಸಿ.

ಕಪ್ಪು-ಬಿಳುಪು ಚಿತ್ರ ಎಲ್8050ರ ದುರ್ಬಲ ಜಾಗ. ಇದರಲ್ಲಿ ಬೂದು ಇಂಕು ಇಲ್ಲ; ಬೂದನ್ನು ಬಣ್ಣಗಳಿಂದಲೇ ಬೆರೆಸಬೇಕಾದ್ದರಿಂದ ಒಳ್ಳೆಯ ಪ್ರೊಫೈಲ್ ಇಲ್ಲದೆ ಚೂರು ಹಸಿರೋ ಕೆಂಪೋ ತಲೆಹಾಕುತ್ತದೆ. ಕ್ಯಾನನ್ ಜಿ570ರಲ್ಲಿ ತೆಳು ಸಯಾನ್, ತೆಳು ಮಜೆಂಟಾದ ಬದಲು ಗ್ರೇ ಮತ್ತು ರೆಡ್ ಇಂಕುಗಳಿವೆ. ಹಳೆಯ ಕಪ್ಪು-ಬಿಳುಪು ಫೋಟೊಗಳನ್ನೇ ಹೆಚ್ಚಾಗಿ ಮರುಮುದ್ರಿಸುವವರು ಅದನ್ನು ನೋಡಿ. ಮುಖ, ಮದುವೆ, ಹೂತೋಟದವರಿಗೆ ಎಲ್8050.

ಗೋಡೆಗೆ ತೂಗುಹಾಕುವ ಚಿತ್ರದ ವಿಷಯದಲ್ಲಿ ಎಚ್ಚರ ಬೇಕು. ಡೈ ಇಂಕು ಬೆಳಕಿಗೂ ಗಾಳಿಯ ಓಜೋನಿಗೂ ಸೋಲುತ್ತದೆ. ಬಯಲಲ್ಲಿಟ್ಟ ಪ್ರಿಂಟಿನಲ್ಲಿ ಸಯಾನ್ ಮೊದಲು ಮಾಸಿ ಚಿತ್ರ ಕೆಂಪು-ಕಿತ್ತಳೆಗೆ ತಿರುಗುತ್ತದೆ. ಆಲ್ಬಮ್ಮಿನೊಳಗೆ, ಗಾಜಿನ ಫ್ರೇಮಿನಲ್ಲಿ ಬಹುಕಾಲ ನಿಲ್ಲುತ್ತದೆ. ಆದರೆ ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡಿನ ಅಂತರವಿರಲಿ, ಇಲ್ಲದಿದ್ದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಹಜಾರದಲ್ಲಿ ಬಾಗಿಲ ಬೆಳಕಿಗೆ ಎದುರಾಗಿ ಹಾರ ಹಾಕಿ ಇಡುವ ಹಿರಿಯರ ಫೋಟೊವನ್ನು ಮಾತ್ರ ಇದರಲ್ಲಿ ಹೊಡೆಯಬೇಡಿ. ಅದನ್ನು ಬೇಗ ಮಾಸದ ಪಿಗ್ಮೆಂಟ್ ಇಂಕಿನ ಪ್ರಿಂಟರ್ ಇರುವ ಕಡೆಯೋ ಕಲರ್ ಲ್ಯಾಬಿನಲ್ಲೋ ಮಾಡಿಸಿ. ಕೊಡುವ ಫೈಲು ಮಾತ್ರ ನೀವು ತಿದ್ದಿಟ್ಟ ಎಸ್‌ಆರ್‌ಜಿಬಿ ಫೈಲೇ ಆಗಿರಲಿ, ಮತ್ತು ಲ್ಯಾಬಿನವರಿಗೆ ಕಲರ್ ಕರೆಕ್ಷನ್ ಬೇಡವೆಂದು ಬರೆದೇ ಕೊಡಿ.